ಅಜ್ಜಿಯ ನಾರು, ನನ್ನ ಅರ್ಜಿ

ನಮ್ಮ ಕಡೆ ಚಿತ್ತಾರ ಬಿಡಿಸುತ್ತಾರೆ ಅನ್ನುವುದಿಲ್ಲ. ಚಿತ್ತಾರ ಬರೆಯುತ್ತಾರೆ. ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತಲಿನ ದೀವರ ಸಮುದಾಯದ ಮನೆಗಳಲ್ಲಿ ಇದು ದಿನದ ಮಾತು. ಕಂಪ್ಯೂಟರಿನಲ್ಲಿ ಕೋಡ್ ಕೂಡ ಬರೆಯುವುದೇ ಅಲ್ವಾ? ಈ ಎರಡೂ ಬರವಣಿಗೆ ನನ್ನ ಕಣ್ಣಿಗೆ ಅಕ್ಕಪಕ್ಕ ಕಂಡಿದ್ದು ಲಂಡನ್ನಿನ ಒಂದು ಕಲಾ ಶಾಲೆಗೆ ಅರ್ಜಿ ಹಾಕಲು ಹೊರಟಾಗ. ಕಲೆ ಮತ್ತು ಕಂಪ್ಯೂಟಿಂಗ್ ಎರಡನ್ನೂ ಒಟ್ಟಿಗೆ ಕಲಿಸುವ ಒಂದು ವರ್ಷದ ಸ್ನಾತಕೋತ್ತರ ಕೋರ್ಸ್ ಅದು. ಅರ್ಜಿಯ ಕೆಲಸ ಅಕ್ಟೋಬರಿನಲ್ಲಿ ಶುರುವಾಗಿ ಮಾರ್ಚಿನಲ್ಲಿ ಮುಗಿಯಿತು. ಹಣದ ಓಡಾಟ ಇನ್ನೂ ಮುಗಿದಿಲ್ಲ. ನಮ್ಮ ಭಾಗದಿಂದ ಇಂಥ ಕೋರ್ಸಿಗೆ ಹೋಗಬೇಕು ಅಂದುಕೊಂಡವರಿಗೆ ಉಪಯೋಗಕ್ಕೆ ಬರಲಿ ಅಂತ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ಓದಿದ್ದು ಶಿವಮೊಗ್ಗದಲ್ಲಿ, ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್. ಆಮೇಲೆ ಬೆಂಗಳೂರಿನಲ್ಲಿ ಮೂರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಕೆಲಸ ಬೇಸರವೇನೂ ಇರಲಿಲ್ಲ. ಆದರೆ ಚಿಕ್ಕಂದಿನಿಂದ ಒಂದು ಆಸೆ ಒಳಗೇ ಇತ್ತು. ಹೆಗ್ಗೋಡು ನಮ್ಮೂರಿಗೆ ದೂರವಲ್ಲ. ಅಪ್ಪ ನನ್ನನ್ನು ನೀನಾಸಂ ನಾಟಕಗಳಿಗೆ ಕರೆದುಕೊಂಡು ಹೋಗುತ್ತಿದ್ದ. ಎಲ್ಲರೂ ನಟರನ್ನು ನೋಡುತ್ತಿದ್ದರೆ ನಾನು ಬೆಳಕು ಹಾಕುವವರ ಕೈಯನ್ನೇ ನೋಡುತ್ತಿದ್ದೆ. ಒಂದು ಗುಂಡಿ ಮೆಲ್ಲಗೆ ಏರಿದರೆ ರಂಗದ ಮೇಲೆ ಬೆಳಗಾಗುತ್ತಿತ್ತು. ಯಂತ್ರದಿಂದ ಇಂಥದ್ದನ್ನು ಮಾಡಬಹುದು ಅಂತ ನನಗೆ ಮೊದಲು ಗೊತ್ತಾಗಿದ್ದೇ ಅಲ್ಲಿ. ಕಾಲೇಜಿನಲ್ಲಿ ಇದನ್ನು ಯಾರೂ ಕಲಿಸಲಿಲ್ಲ. ನಾನೂ ಕೇಳಲಿಲ್ಲ.

ಬೆಂಗಳೂರಿನಲ್ಲಿ ಇದ್ದಾಗ ಗೆಳತಿಯೊಬ್ಬಳು ಪ್ರೊಸೆಸಿಂಗ್ ತೋರಿಸಿದಳು. ಚಿತ್ರ ಮಾಡುವವರೂ ಸುಲಭವಾಗಿ ಕೋಡ್ ಬರೆಯಲಿ ಅಂತ ಕೇಸಿ ರೀಸ್ ಮತ್ತು ಬೆನ್ ಫ್ರೈ ಎಂಬ ಇಬ್ಬರು ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದಾಗ 2001ರಲ್ಲಿ ಶುರು ಮಾಡಿದ ಸಾಧನ ಅದು. ಅದನ್ನೇ ಬ್ರೌಸರ್‌ಗೆ ತಂದಿದ್ದು ಪಿ5 ಜೆಎಸ್. ಲಾರೆನ್ ಮೆಕಾರ್ಥಿ 2013ರಲ್ಲಿ ಶುರು ಮಾಡಿದ್ದು. ಎರಡೂ ಉಚಿತ. ಪಿ5ನ ಫೈಲ್ ಒಂದು ಸಲ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ಟೇ ಬೇಡ. ನಮ್ಮಂಥ ಊರಿನವರಿಗೆ ಇದು ದೊಡ್ಡ ವಿಷಯ.

ಆಗ ಹುಡುಕಲು ಶುರು ಮಾಡಿದೆ. ನ್ಯೂಯಾರ್ಕಿನ ಐಟಿಪಿ ಎಂಬ ವಿಭಾಗ 1979ರಿಂದಲೇ ಇದನ್ನು ಕಲಿಸುತ್ತಿದೆ ಅಂತ ತಿಳಿದಾಗ ಆಶ್ಚರ್ಯವಾಯಿತು. ನಾನು ಹೊಸದು ಅಂದುಕೊಂಡ ವಿಷಯಕ್ಕೆ ನನಗಿಂತ ಜಾಸ್ತಿ ವಯಸ್ಸಾಗಿತ್ತು. ನಮ್ಮ ದೇಶದಲ್ಲೂ ದಾರಿಗಳಿವೆ. ಮುಂಬೈ ಐಐಟಿಯ ವಿನ್ಯಾಸ ವಿಭಾಗ ಐಡಿಸಿ 1969ರಷ್ಟು ಹಳೆಯದು. ಅಲ್ಲಿಗೆ ಸೀಡ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಮೊದಲ ಭಾಗ ಕಂಪ್ಯೂಟರಿನಲ್ಲಿ, ಎರಡನೇ ಭಾಗ ಕಾಗದದ ಮೇಲೆ ಚಿತ್ರ ಮತ್ತು ಬರಹ. ಅದನ್ನೂ ಜನವರಿಯಲ್ಲಿ ಬರೆದೆ. ಕೈಯಲ್ಲಿ ವೇಗವಾಗಿ ಚಿತ್ರ ಬಿಡಿಸುವ ಅಭ್ಯಾಸ ಇಲ್ಲದೆ ಅಂಕ ಸಾಲಲಿಲ್ಲ. ಆ ಪರೀಕ್ಷೆ ಬರೆಯುವವರು ಕನಿಷ್ಠ ಆರು ತಿಂಗಳು ದಿನಾ ಪೆನ್ಸಿಲ್ ಹಿಡಿಯಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಲಂಡನ್ನಿನ ಶಾಲೆಯವರು ಪರೀಕ್ಷೆ ಇಟ್ಟಿರಲಿಲ್ಲ. ಅವರು ಕೇಳಿದ್ದು ಒಂದು ಪೋರ್ಟ್‌ಫೋಲಿಯೋ (ನಾವು ಮಾಡಿದ ಕೆಲಸಗಳ ಸಂಗ್ರಹ), ಐನೂರು ಪದಗಳ ಉದ್ದೇಶ ಪತ್ರ, ಎರಡು ಶಿಫಾರಸು ಪತ್ರ, ಎರಡು ನಿಮಿಷದ ವಿಡಿಯೋ, ಇಂಗ್ಲಿಷ್ ಪರೀಕ್ಷೆಯ ಅಂಕ. ಇಷ್ಟೇ. ಪೋರ್ಟ್‌ಫೋಲಿಯೋದ ಬಗ್ಗೆ ಒಂದು ಸಾಲು ಇತ್ತು. ಮುಗಿದ ಕೆಲಸಕ್ಕಿಂತ ಅದನ್ನು ಮಾಡಿದ ದಾರಿ ತೋರಿಸಿ, ಕೆಟ್ಟುಹೋದದ್ದನ್ನೂ ತೋರಿಸಿ ಅಂತ. ಆ ಸಾಲನ್ನು ನಾನು ಸರಿಯಾಗಿ ಓದಿರಲಿಲ್ಲ. ಪಿ5ನಲ್ಲಿ ಮಾಡಿದ ಹನ್ನೆರಡು ಚಿತ್ರ ಜೋಡಿಸಿ ಪಿಡಿಎಫ್ ಮಾಡಿದೆ. ಬಣ್ಣದ ಸುರುಳಿಗಳು, ಹಾರುವ ಚುಕ್ಕಿಗಳು, ಮೌಸ್ ಹೋದ ಕಡೆ ಬಾಗುವ ಗೆರೆಗಳು. ಇಂಥದ್ದೇ ಕೋರ್ಸ್ ಮುಗಿಸಿದ ಹಿರಿಯರೊಬ್ಬರಿಗೆ ಕಳಿಸಿದೆ. ಅವರು ಫೋನ್ ಮಾಡಿ, "ಚೆನ್ನಾಗಿದೆ. ಆದರೆ ಇದನ್ನು ಯಾರು ಬೇಕಾದರೂ ಮಾಡಬಹುದಿತ್ತು. ಇದರಲ್ಲಿ ನೀವು ಎಲ್ಲಿದ್ದೀರಿ?" ಅಂದರು. ಎರಡು ದಿನ ನಿದ್ದೆ ಬರಲಿಲ್ಲ. ಅವರು ಹೇಳಿದ್ದು ನಿಜ ಅಂತ ನನಗೆ ಆಗಲೇ ಗೊತ್ತಿತ್ತು.

ಅದೇ ವಾರ ಭೂಮಿ ಹುಣ್ಣಿಮೆಗೆ ರಜೆ ಹಾಕಿ ಊರಿಗೆ ಬಂದೆ. ರಾತ್ರಿ ಬೆಂಗಳೂರಿನಲ್ಲಿ ತಾಳಗುಪ್ಪ ರೈಲು ಹತ್ತಿ ಬೆಳಿಗ್ಗೆ ಸಾಗರದಲ್ಲಿ ಇಳಿದೆ.

ಭೂಮಿ ಹುಣ್ಣಿಮೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಭತ್ತ ಹೊಡೆ ತುಂಬಿ ನಿಂತಿರುವ ಹೊತ್ತು ಅದು. ಗದ್ದೆ ಬಸುರಿ ಅಂತ ನಮ್ಮ ನಂಬಿಕೆ. ಬಸುರಿಗೆ ಸೀಮಂತ ಮಾಡಿದ ಹಾಗೆ ಭೂಮಿಗೂ ಬಯಕೆಯ ಅಡುಗೆ ಮಾಡುತ್ತಾರೆ. ರಾತ್ರಿಯೆಲ್ಲಾ ಅಡುಗೆ. ಬೆಳಕು ಹರಿಯುವ ಮೊದಲೇ ಅದನ್ನು ಗದ್ದೆಗೆ ಒಯ್ದು ಪೂಜೆ ಮಾಡಿ ಬೀರುತ್ತಾರೆ. ಒಯ್ಯುವುದು ಚಿತ್ತಾರ ಬರೆದ ಬಿದಿರಿನ ಬುಟ್ಟಿಯಲ್ಲಿ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಅಚ್ಚಂಬಲಿ ಬುಟ್ಟಿ. ಬುಟ್ಟಿಗೆ ಸಗಣಿ ಬಳಿದು, ಒಣಗಿದ ಮೇಲೆ ಕೆಮ್ಮಣ್ಣು ಹಚ್ಚುತ್ತಾರೆ. ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಪುಂಡಿ ನಾರನ್ನು ಜಜ್ಜಿ ಮಾಡಿದ ಕುಂಚ. ಅಜ್ಜಿ ಮಹಾನವಮಿ ಹೊತ್ತಿಗೆ ಶುರು ಮಾಡಿ ದಿನಾ ಮಧ್ಯಾಹ್ನ ಒಂದಿಷ್ಟು ಬರೆಯುತ್ತಾಳೆ. ಅತ್ತೆ ಬಂದರೆ ಇಬ್ಬರೂ ಹಾಡುತ್ತಾ ಬರೆಯುತ್ತಾರೆ.

ನಾನು ಲ್ಯಾಪ್‌ಟಾಪ್ ತೆಗೆದುಕೊಂಡು ಅವಳ ಪಕ್ಕ ಜಗಲಿಯಲ್ಲಿ ಕೂತೆ. ಬುಟ್ಟಿಯ ಅಂಚಿನ ಚಿತ್ತಾರವನ್ನು ಕೋಡಿನಲ್ಲಿ ಬರೆದು ನೋಡೋಣ ಅನ್ನಿಸಿತು. ಪೋರ್ಟ್‌ಫೋಲಿಯೋ ತಲೆಯಲ್ಲಿ ಇರಲಿಲ್ಲ. ಕೈ ಸುಮ್ಮನಿರಲಿಲ್ಲ ಅಷ್ಟೇ.

ಅಂಚಿನಲ್ಲಿ ಎರಡು ಬಗೆಯ ಮನೆಗಳಿದ್ದವು. ಒಂದರಲ್ಲಿ ಮೂರೆಳೆಯ ತ್ರಿಕೋನ, ಪಕ್ಕದ್ದರಲ್ಲಿ ಏಣಿಯ ಹಾಗೆ ಅಡ್ಡ ಗೆರೆಗಳು. ಒಂದು ಬಿಟ್ಟು ಒಂದು. ನಾನು ಬುಟ್ಟಿಯ ಸುತ್ತಳತೆಗೆ 1200 ಪಿಕ್ಸೆಲ್, ಅಂದರೆ ಪರದೆಯ ಚುಕ್ಕಿ, ಇಟ್ಟುಕೊಂಡೆ. ನೋಡಿದರೆ ಚೆಂದ ಕಾಣುತ್ತದೆ ಅಂತ ಒಂದು ಮನೆಗೆ 70 ಪಿಕ್ಸೆಲ್ ಕೊಟ್ಟೆ. ಎಡಗಡೆಯಿಂದ ಒಂದೊಂದಾಗಿ ಜೋಡಿಸುತ್ತಾ ಹೋಗು ಅಂತ ಕೋಡ್ ಬರೆದೆ. 17 ಮನೆ ಬಂದವು. ಕೊನೆಗೆ 10 ಪಿಕ್ಸೆಲ್ ಜಾಗ ಉಳಿಯಿತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. 17 ಬೆಸ ಸಂಖ್ಯೆ. ಸುತ್ತು ಬಂದು ಸೇರುವ ಕಡೆ ತ್ರಿಕೋನದ ಪಕ್ಕ ಮತ್ತೆ ತ್ರಿಕೋನವೇ ಕೂತಿತ್ತು.

ಅಜ್ಜಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿದಳು.

"ಇದು ಕೂಡ್ಲೇ ಇಲ್ವಲ್ಲ ಮಗಾ. ಎಲ್ಲಿಂದ ಸುರು ಮಾಡಿದೆ?"

"ಈ ಕಡೆಯಿಂದ ಅಜ್ಜಿ."

"ಒಂದೊಂದೇ ಮನೆ ಕಟ್ಕೊಂಡು ಹೋದ್ರೆ ಹಂಗೇ ಆಗದು. ಕೊನೇಗೆ ಉಳೀತದೆ, ಇಲ್ಲಾ ಸಾಲೂದಿಲ್ಲ. ಮೊದ್ಲು ಪೂರ್ತಿ ತಗಾ. ಆಮೇಲೆ ಮಡಚು."

ಹೀಗೆಂದು ಒಂದು ಬಾಳೆ ನಾರು ತೆಗೆದುಕೊಂಡಳು. ಬುಟ್ಟಿಯ ಬಾಯಿಗೆ ಸುತ್ತಿ, ಸೇರುವ ಕಡೆ ಉಗುರಿನಿಂದ ಕತ್ತರಿಸಿದಳು. ಅದನ್ನು ಎರಡಾಗಿ ಮಡಚಿದಳು. ಮತ್ತೆ ಎರಡಾಗಿ. ನಮ್ಮ ಬುಟ್ಟಿಯ ತಳ ಚೌಕ, ಬಾಯಿ ದುಂಡು. ತಳದ ನಾಲ್ಕು ಮೂಲೆಗೆ ಸರಿಯಾಗಿ ಮೇಲೆ ನಾಲ್ಕು ಗುರುತು ಬಂತು. ಇನ್ನೊಂದು ಸಲ ಮಡಚಿದಾಗ ಎಂಟು. ಇನ್ನೊಂದು ಸಲಕ್ಕೆ ಹದಿನಾರು. ಒಂದು ಗುರುತನ್ನೂ ಅವಳು ಅಳತೆ ಪಟ್ಟಿ ಇಟ್ಟು ಹಾಕಲಿಲ್ಲ. ಮಡಚುತ್ತಾ ಹೋದರೆ ಯಾವಾಗಲೂ ಸಮ ಸಂಖ್ಯೆಯೇ ಬರುತ್ತದೆ. ಹಾಗಾಗಿ ಒಂದು ಬಿಟ್ಟು ಒಂದು ಬರೆದ ಮನೆಗಳು ಸುತ್ತು ಬಂದು ತಪ್ಪದೆ ಕೂಡುತ್ತವೆ.

ನಾನು ಆ ನಾರನ್ನೇ ನೋಡುತ್ತಾ ಕೂತೆ. ಎಂಜಿನಿಯರಿಂಗಿನಲ್ಲಿ ರಿಕರ್ಷನ್ ಓದಿದ್ದೇನೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೇನೆ. ದೊಡ್ಡದನ್ನು ಎರಡು ಮಾಡು, ಆ ಎರಡನ್ನೂ ಮತ್ತೆ ಹಾಗೇ ಮಾಡು, ಸಾಕಷ್ಟು ಚಿಕ್ಕದಾದಾಗ ನಿಲ್ಲಿಸು. ಇಷ್ಟೇ ಅದು. ನನ್ನ ಅಜ್ಜಿ ಅದನ್ನು ಬಾಳೆ ನಾರಿನಲ್ಲಿ ಮಾಡುತ್ತಿದ್ದಾಳೆ ಅಂತ ಇಪ್ಪತ್ತೈದು ವರ್ಷ ಪಕ್ಕದಲ್ಲೇ ಇದ್ದೂ ನಾನು ಕಂಡಿರಲಿಲ್ಲ. ನನ್ನ ಕೋಡ್ ಕೂಡದೆ ಹೋಗಿದ್ದರೆ ಕೇಳುತ್ತಲೂ ಇರಲಿಲ್ಲ.

ಅವತ್ತು ಸಂಜೆಯೇ ಕೋಡನ್ನು ಬೇರೆ ಬರೆದೆ. ಈ ಸಲ ಪಿಕ್ಸೆಲ್ ಬಿಟ್ಟು ಕೋನ ಹಿಡಿದೆ. ಪೂರ್ತಿ ಸುತ್ತು 360 ಡಿಗ್ರಿ. ಮಡಚಿದರೆ 180, 90, 45, ಇಪ್ಪತ್ತೆರಡೂವರೆ. ಕೋನ ಹಿಡಿದಿದ್ದರಿಂದ ಇನ್ನೊಂದು ಲಾಭವಾಯಿತು. ಬುಟ್ಟಿ ಕೆಳಗೆ ಕಿರಿದು, ಮೇಲೆ ಅಗಲ. ಒಂದೇ ಮನೆ ಮೇಲೆ ಹೋದ ಹಾಗೆ ತಾನಾಗಿ ಹಿಗ್ಗಬೇಕು. ಪಿಕ್ಸೆಲ್ ಲೆಕ್ಕದಲ್ಲಿ ಅದಕ್ಕೆ ಹೆಣಗಬೇಕಿತ್ತು. ಇಲ್ಲಿ ಸಹಜವಾಗಿ ಬಂತು.

ಇನ್ನೊಂದು ಪಾಠ ಒಂದು ವಾರದ ಮೇಲೆ ಸಿಕ್ಕಿತು. ಪರದೆಯ ಮೇಲೆ ಗೆರೆಗಳು ತೀರಾ ನೇರವಾಗಿ, ಸತ್ತ ಹಾಗೆ ಕಾಣುತ್ತಿದ್ದವು. ಕೈಯ ಕೆಲಸದ ಹಾಗೆ ಕಾಣಲಿ ಅಂತ ರ‍್ಯಾಂಡಮ್ ಸೇರಿಸಿದೆ. ಪ್ರತಿ ಬಿಂದುವೂ ಸ್ವಲ್ಪ ಆಚೀಚೆ ಹಾರುತ್ತದೆ. ನೋಡಿದರೆ ನಡುಗುವ ಕೈಯಲ್ಲಿ ಬರೆದ ಹಾಗಿತ್ತು. ಅದನ್ನು ತೆಗೆದು ಪರ್ಲಿನ್ ನಾಯ್ಸ್ ಹಾಕಿದೆ. ಸಿನಿಮಾ ಗ್ರಾಫಿಕ್ಸಿನಲ್ಲಿ ಮೋಡ, ಅಮೃತಶಿಲೆಯಂಥ ಮೇಲ್ಮೈಗಳು ಸಹಜವಾಗಿ ಕಾಣಲಿ ಅಂತ ಕೆನ್ ಪರ್ಲಿನ್ 1983ರಲ್ಲಿ ಮಾಡಿದ ವಿಧಾನ ಅದು. ಅಕ್ಕಪಕ್ಕದ ಬಿಂದುಗಳು ಒಂದಕ್ಕೊಂದು ಹತ್ತಿರವೇ ಇರುತ್ತವೆ. ಹಾಗಾಗಿ ಗೆರೆ ಮೃದುವಾಗಿ ಬಾಗಿತು. ಆದರೂ ಅಜ್ಜಿಯ ಗೆರೆ ಆಗಲಿಲ್ಲ.

ಕೊನೆಗೆ ಮೊಬೈಲಿನಲ್ಲಿ ಅವಳ ಕೈಯ ವಿಡಿಯೋ ಮಾಡಿ ನಿಧಾನವಾಗಿ ನೋಡಿದೆ. ಅವಳ ಕೈ ನಡುಗುವುದೇ ಇಲ್ಲ. ಗೆರೆ ಜೀವಂತವಾಗಿ ಕಾಣಲು ಕಾರಣ ಬೇರೆ. ಕುಂಚ ಅದ್ದಿದ ಕೂಡಲೇ ಗೆರೆ ದಪ್ಪ. ಹಿಟ್ಟು ಖಾಲಿಯಾಗುತ್ತಾ ಹೋದ ಹಾಗೆ ತೆಳು. ಸುಮಾರು ಒಂದು ಗೇಣು ಹೋಗುತ್ತಲೇ ಮತ್ತೆ ಅದ್ದುತ್ತಾಳೆ. ಹೊಸ ಗೆರೆಯನ್ನು ಹಳೆಯದರ ತುದಿಯಿಂದ ಒಂದಿಷ್ಟು ಒಳಗಿನಿಂದ ಶುರು ಮಾಡುತ್ತಾಳೆ. ಆ ಜೋಡಣೆಯಲ್ಲಿ ಸಣ್ಣ ಗಂಟು ಬರುತ್ತದೆ. ಕಣ್ಣಿಗೆ ಹಿತವಾಗಿದ್ದದ್ದು ಆ ಗಂಟುಗಳು. ಹಾಗಾಗಿ ನನ್ನ ಕೋಡಿನಲ್ಲಿ ಕುಂಚಕ್ಕೆ ಒಂದು ಬಟ್ಟಲು ಹಿಟ್ಟು ಕೊಟ್ಟೆ. ಗೆರೆ ಎಳೆದಷ್ಟೂ ಕಡಿಮೆಯಾಗುವ ಒಂದು ಸಂಖ್ಯೆ ಅದು. ಸೊನ್ನೆಗೆ ಹತ್ತಿರ ಬಂದಾಗ ಮತ್ತೆ ತುಂಬಿಕೊಂಡು ಸ್ವಲ್ಪ ಹಿಂದಿನಿಂದ ಶುರು ಮಾಡುತ್ತದೆ. ರ‍್ಯಾಂಡಮ್ ಪೂರ್ತಿ ತೆಗೆದುಹಾಕಿದೆ. ಅದನ್ನು ನೋಡಿ ಅಮ್ಮ, "ಇದು ಅತ್ತೆ ಬರ‍್ದಂಗೇ ಇದೆ" ಅಂದಳು. ಅಮ್ಮನಿಗೆ ಅಜ್ಜಿ ಅತ್ತೆ. ಮೂವತ್ತು ವರ್ಷ ಆ ಗೆರೆ ನೋಡಿದವಳ ಮಾತು ಅದು.

ಈ ಹೊತ್ತಿಗೆ ಓದುವುದೂ ನಡೆದಿತ್ತು. ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಬದುಕಿದ ವೆರಾ ಮೋಲ್ನಾರ್ ಎಂಬ ಕಲಾವಿದೆಯ ಬಗ್ಗೆ ತಿಳಿದದ್ದು ಆಗಲೇ. ಆಕೆಗೆ ಕಂಪ್ಯೂಟರ್ ಸಿಕ್ಕಿದ್ದು 1968ರಲ್ಲಿ. ಅದಕ್ಕೂ ಮೊದಲು, 1959ರಿಂದಲೇ, ತನ್ನಲ್ಲಿ ಒಂದು ಕಾಲ್ಪನಿಕ ಯಂತ್ರ ಇದೆ ಅಂದುಕೊಂಡು, ನಿಯಮ ಬರೆದು, ಅದರಂತೆ ಕೈಯಲ್ಲೇ ಚಿತ್ರ ಮಾಡುತ್ತಿದ್ದರಂತೆ. ನಮ್ಮ ಹತ್ತಿರದ ವಿಷಯವೂ ಸಿಕ್ಕಿತು. ತಮಿಳುನಾಡಿನ ಕೋಲಂ, ಅಂದರೆ ನಮ್ಮ ಚುಕ್ಕಿ ರಂಗೋಲಿಯಂಥದ್ದು. ಅದರ ನಿಯಮಗಳನ್ನು ಕಂಪ್ಯೂಟರಿನ ವ್ಯಾಕರಣವಾಗಿ ಬರೆಯಬಹುದು ಅಂತ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲೇ ಪ್ರಬಂಧ ಬರೆದಿದ್ದಾರೆ. ಐವತ್ತು ವರ್ಷದ ಹಿಂದೆ! ನಾಲ್ಕು ವರ್ಷ ಕಂಪ್ಯೂಟರ್ ಸೈನ್ಸ್ ಓದಿದರೂ ಈ ಹೆಸರುಗಳನ್ನು ನಾನು ಕೇಳಿರಲಿಲ್ಲ. ನಮ್ಮ ಕಾಲೇಜುಗಳಲ್ಲಿ ಆಟೊಮಾಟಾ, ಅಂದರೆ ನಿಯಮದಂತೆ ಹೆಜ್ಜೆ ಹೆಜ್ಜೆಯಾಗಿ ನಡೆಯುವ ಯಂತ್ರಗಳ ಪಾಠ ಮಾಡುವಾಗ ಒಂದು ರಂಗೋಲಿ ಹಾಕಿ ತೋರಿಸಿದರೆ ಎಷ್ಟು ಮಕ್ಕಳಿಗೆ ಅದು ಮನಸ್ಸಿಗೆ ಇಳಿಯುತ್ತಿತ್ತು. ಈ ಮಾತನ್ನು ನಾನು ಸಿಕ್ಕವರಿಗೆಲ್ಲಾ ಹೇಳುತ್ತಿದ್ದೇನೆ.

ಇಷ್ಟಾದ ಮೇಲೆ ಹಳೆಯ ಹನ್ನೆರಡು ಚಿತ್ರಗಳನ್ನೂ ತೆಗೆದುಹಾಕಿದೆ. ಪೋರ್ಟ್‌ಫೋಲಿಯೋ ಒಂದೇ ಬುಟ್ಟಿಯ ಸುತ್ತ ನಿಂತಿತು. ಆದರೆ ಅಲ್ಲಿ ಒಂದು ಪ್ರಶ್ನೆ ಎದ್ದಿತು. ಇದು ಯಾರದ್ದು?

ನಾನು ಬುಟ್ಟಿಯ ಜೊತೆ ಹಸೆಗೋಡೆಯ ಚಿತ್ತಾರವನ್ನೂ ಮಾಡಿದ್ದೆ. ಮದುವೆಯಲ್ಲಿ ಮದುಮಕ್ಕಳನ್ನು ಕೂರಿಸುವ ಗೋಡೆ ಅದು. ಏಣಿಯ ಹಾಗೆ ಏರುವ ಎಳೆಗಳು, ನಡುವೆ ದಂಡಿಗೆಯಲ್ಲಿ ಕೂತ ಜೋಡಿ. ಪರದೆಯ ಮೇಲೆ ನಿಜವಾಗಿಯೂ ಅದ್ಭುತವಾಗಿ ಬಂದಿತ್ತು. ಅಜ್ಜಿಗೆ ತೋರಿಸಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ.

"ಬುಟ್ಟೀದು ಎಷ್ಟು ಬೇಕಾದ್ರೂ ಮಾಡ್ಕ. ಹಸೆ ಬೇಡ ಮಗಾ. ಅದು ಮದುವೇದು. ಮದುವೆ ಇಲ್ದೆ ಬರೀಬಾರ್ದು."

ನನಗೆ ನೋವಾಯಿತು. ನನ್ನ ಎಲ್ಲಕ್ಕಿಂತ ಒಳ್ಳೆಯ ಪುಟಗಳು ಅವೇ ಆಗಿದ್ದವು. ಈಗ ಗೋಡೆ ಚಿತ್ತಾರ ಬಟ್ಟೆಯ ಮೇಲೆ, ಕಾಗದದ ಮೇಲೆ ಬಂದಿದೆ, ಮಾರಾಟವೂ ಆಗುತ್ತದೆ, ಅದರಿಂದ ಎಷ್ಟೋ ಹೆಂಗಸರಿಗೆ ದುಡಿಮೆ ಇದೆ ಅಂತ ಹೇಳಿದೆ. "ಅವ್ರವ್ರ ಮನೇಲಿ ಅವ್ರವ್ರು ಮಾಡ್ಕಳ್ಳಿ. ನಂದು ನಾ ಹೇಳ್ದೆ" ಅಂದಳು. ಅವಳ ಮಾತಿನಲ್ಲಿ ಸಿಟ್ಟು ಇರಲಿಲ್ಲ. ನಾನು ಕಲಿತದ್ದು ಅವಳ ಕೈಯಿಂದ. ಅವಳು ಬೇಡ ಅಂದದ್ದು ಬೇಡವೇ. ಆ ಪುಟಗಳನ್ನು ತೆಗೆದೆ. ಉಳಿದ ಪ್ರತಿ ಪುಟದ ಕೆಳಗೆ ಯಾರು ಏನು ಮಾಡಿದ್ದು ಅಂತ ಬಿಡಿಸಿ ಬರೆದೆ. ಬುಟ್ಟಿ ಹೆಣೆದದ್ದು ಮೇದಾರರು. ಮಡಚುವ ಕ್ರಮ, ಎಳೆಗಳ ಕ್ರಮ ಅಜ್ಜಿಯದು. ಹಾಡು ಅತ್ತೆಯದು. ಕೋಡ್ ನನ್ನದು. ಸ್ಫೂರ್ತಿ ಅಂತ ಒಂದು ಪದ ಹಾಕಿ ಮುಗಿಸಿಬಿಡುವುದು ಸುಲಭ. ಹಾಗೆ ಮಾಡಬೇಡಿ.

ಉದ್ದೇಶ ಪತ್ರವನ್ನು ಹನ್ನೊಂದು ಸಲ ಬರೆದೆ. ಮೊದಲ ಕರಡಿನಲ್ಲಿ ಶರಾವತಿ ಮುಳುಗಡೆ ಇತ್ತು. ಅಜ್ಜಿಯ ತವರು ಲಿಂಗನಮಕ್ಕಿಯ ನೀರಿನಲ್ಲಿದೆ. 1964ರಲ್ಲಿ ಅಣೆಕಟ್ಟು ಆದಾಗ ಅವಳಿಗೆ ಹನ್ನೆರಡು ವರ್ಷ. ಅವಳು ಮೊದಲು ಕೈ ಹಾಕಿದ ಹಸೆಗೋಡೆ ಅಲ್ಲೇ ಮುಳುಗಿತು. ಇದನ್ನು ಇಂಗ್ಲಿಷಿನಲ್ಲಿ ಬರೆದು ಓದಿಕೊಂಡಾಗ ಏನೋ ಸರಿ ಇಲ್ಲ ಅನ್ನಿಸಿತು. ನಾನು ಅವಳ ಕಷ್ಟವನ್ನು ತೋರಿಸಿ ಸೀಟು ಕೇಳುತ್ತಿದ್ದೆ. ಅದನ್ನು ಪೂರ್ತಿ ತೆಗೆದು, 17 ಮನೆಗಳ ಕಥೆಯಿಂದ ಶುರು ಮಾಡಿದೆ. ನನ್ನ ಕೋಡ್ ಎಲ್ಲಿ ಕೂಡಲಿಲ್ಲ, ಅಜ್ಜಿ ಏನು ಹೇಳಿದಳು, ಅದರಿಂದ ನನಗೆ ಈಗ ಯಾವ ಪ್ರಶ್ನೆ ಇದೆ. ಅಷ್ಟೇ. ಪ್ರಶ್ನೆ ಇದು: ಕೈಯಲ್ಲಿ ಇರುವ ಲೆಕ್ಕವನ್ನು ಕೈಯವರಿಂದ ಕಿತ್ತುಕೊಳ್ಳದೆ ಕೋಡಿಗೆ ತರುವುದು ಹೇಗೆ?

ಶಿಫಾರಸು ಪತ್ರದ್ದು ಬೇರೆಯೇ ಅನುಭವ. ಓದಿಸಿದ ಒಬ್ಬರು ಮೇಷ್ಟ್ರು, "ನೀನೇ ಬರೆದು ತಾ, ಸಹಿ ಹಾಕುತ್ತೇನೆ" ಅಂದರು. ನನ್ನ ಬಗ್ಗೆ ನಾನೇ ಹೊಗಳಿ ಬರೆಯಲು ಮನಸ್ಸು ಬರಲಿಲ್ಲ. ಅವರ ಬದಲು ಕೆಲಸದ ಕಡೆ ನನ್ನ ತಂಡದ ಮುಖ್ಯಸ್ಥೆಯನ್ನು ಕೇಳಿದೆ. ಆಕೆ ನನ್ನ ಜೊತೆ ಅರ್ಧ ಗಂಟೆ ಮಾತಾಡಿ, ಬುಟ್ಟಿಯ ಕೆಲಸ ನೋಡಿ, ತಾವೇ ಬರೆದರು. ನಿಮ್ಮನ್ನು ನಿಜವಾಗಿ ಬಲ್ಲವರನ್ನು ಕೇಳಿ. ಹುದ್ದೆ ದೊಡ್ಡದಿರಬೇಕಾಗಿಲ್ಲ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯನ್ನು ಬೆಂಗಳೂರಿನಲ್ಲಿ ಬರೆದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಹೆದರುವುದು ಮಾತಾಡುವ ಭಾಗಕ್ಕೆ. ಅದು 11ರಿಂದ 14 ನಿಮಿಷ ಮಾತ್ರ. ನಮ್ಮ ಉಚ್ಚಾರಣೆ ನಮ್ಮದೇ ಇದ್ದರೂ ಸ್ಪಷ್ಟವಾಗಿದ್ದರೆ ಸಾಕು.

ವಿಡಿಯೋ ಮಾಡಿದ್ದು ಡಿಸೆಂಬರಿನಲ್ಲಿ. ಮನೆಯಲ್ಲಿ ಅಡಿಕೆ ಗೊನೆಯ ಕೊಯ್ಲು ನಡೆದಿತ್ತು. ಅಂಗಳದ ತುಂಬಾ ಅಡಿಕೆ. ಒಂದು ಕಡೆ ಸುಲಿಯುವ ಮಷಿನ್ನಿನ ಸದ್ದು, ಇನ್ನೊಂದು ಕಡೆ ಅಡಿಕೆ ಬೇಯಿಸುವ ಹಂಡೆ. ಸದ್ದು ಇಲ್ಲದ ಹೊತ್ತು ಅಂದರೆ ಬೆಳಿಗ್ಗೆ ಐದು ಗಂಟೆ. ಅತ್ತೆ ಹಿಂದಿನ ದಿನವೇ ಲಾಂಚಿನಲ್ಲಿ ಶರಾವತಿ ಹಿನ್ನೀರು ದಾಟಿ ಬಂದಿದ್ದರು. ಆಗ ಇನ್ನೂ ಸಿಗಂದೂರಿನ ಸೇತುವೆ ಆಗಿರಲಿಲ್ಲ. ಒಲೆಯ ಬೆಳಕಿನಲ್ಲಿ ಅವರು ಹಾಡಿದರು, ಅಜ್ಜಿ ನಾರು ಮಡಚಿದಳು, ನಾನು ಪಕ್ಕದಲ್ಲಿ ಲ್ಯಾಪ್‌ಟಾಪಿನಲ್ಲಿ ಅದೇ ಮಡಿಕೆಯನ್ನು ತೋರಿಸಿದೆ. ಎರಡು ನಿಮಿಷಕ್ಕೆ ಆರು ಬೆಳಗು ಬೇಕಾಯಿತು. ಫೈಲ್ ಕಳಿಸಲು ಮನೆಯಲ್ಲಿ ನೆಟ್‌ವರ್ಕ್ ಸಾಲದು. ಗುಡ್ಡದ ಮೇಲೆ ಹೋದರೂ ಅರ್ಧಕ್ಕೇ ನಿಂತಿತು. ಕೊನೆಗೆ ಸಾಗರಕ್ಕೆ ಹೋಗಿ ಗೆಳತಿಯ ಮನೆಯಿಂದ ಕಳಿಸಿದೆ. ಕೊನೆಯ ದಿನಕ್ಕಿಂತ ಒಂದು ವಾರ ಮೊದಲೇ. ಮಲೆನಾಡಿನವರು ಯಾವ ಅರ್ಜಿಯನ್ನೂ ಕೊನೆಯ ದಿನಕ್ಕೆ ಇಟ್ಟುಕೊಳ್ಳಬಾರದು.

ಸಂದರ್ಶನ ಫೆಬ್ರವರಿ ಕೊನೆಗೆ ಬಂತು. ವಿಡಿಯೋ ಕರೆಯಲ್ಲಿ ಇಪ್ಪತ್ತು ನಿಮಿಷ. ಅದಕ್ಕೆ ಶಿವಮೊಗ್ಗದಲ್ಲಿ ದೊಡ್ಡಪ್ಪನ ಮನೆಗೆ ಹೋಗಿ ಕೂತೆ. ಇಬ್ಬರು ಅಧ್ಯಾಪಕರಿದ್ದರು. ಮೊದಲು ಕೋಡಿನ ಬಗ್ಗೆ ಕೇಳಿದರು. ಕುಂಚದ ಹಿಟ್ಟು ಮುಗಿಯುವುದನ್ನು ಹೇಗೆ ಲೆಕ್ಕ ಹಾಕಿದೆ, ರ‍್ಯಾಂಡಮ್ ಯಾಕೆ ತೆಗೆದೆ ಅಂತ. ಅದನ್ನು ಹೇಳುವಾಗ ಭಯ ಹೋಗಿತ್ತು. ನಾಲ್ಕು ತಿಂಗಳು ಅದನ್ನೇ ತಿಂದು ಕುಡಿದು ಮಾಡಿದ್ದೆ. ಆಮೇಲೆ ಅವರಲ್ಲಿ ಹಿರಿಯರೊಬ್ಬರು, "ನಿಮ್ಮ ಅಜ್ಜಿ ಕೈಯಲ್ಲೇ ಇಷ್ಟು ಚೆನ್ನಾಗಿ ಮಾಡುತ್ತಾರೆ. ಹಾಗಾದರೆ ಕಂಪ್ಯೂಟರ್ ಯಾಕೆ ಬೇಕು?" ಅಂದರು.

ಈ ಪ್ರಶ್ನೆಗೆ ನಾನು ತಯಾರಿ ಮಾಡಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಅನಿಸಿದ್ದನ್ನೇ ಹೇಳಿದೆ. ಅಜ್ಜಿಗೆ ಕಂಪ್ಯೂಟರ್ ಬೇಕಾಗಿಲ್ಲ. ಬೇಕಾಗಿದ್ದು ನನಗೆ. ಅದು ತಪ್ಪಾಗಿ ಬರೆದು ತೋರಿಸಿದ್ದಕ್ಕೆ ಅಜ್ಜಿ ಬಾಯಿ ಬಿಟ್ಟಳು. ಬರೀ ನೋಡುತ್ತಾ ಇದ್ದಿದ್ದರೆ ಚೆಂದ ಇದೆ ಅಂತ ಹೇಳಿ ಎದ್ದು ಹೋಗುತ್ತಿದ್ದೆ. ಕಂಪ್ಯೂಟರಿಗೆ ಹೇಳಬೇಕಾದರೆ ಒಂದೊಂದು ಹೆಜ್ಜೆಯೂ ಗೊತ್ತಿರಬೇಕು. ಗೊತ್ತಿಲ್ಲದ ಕಡೆ ಅದು ನಿಲ್ಲುತ್ತದೆ. ಅಲ್ಲಿ ನಾನು ಅಜ್ಜಿಯನ್ನು ಕೇಳಬೇಕಾಯಿತು. ಅವರು ಬರೆದುಕೊಂಡರು. ಕೊನೆಗೆ ಹಸೆಗೋಡೆಯ ಪುಟ ಯಾಕಿಲ್ಲ ಅಂತ ಕೇಳಿದರು. ಅಜ್ಜಿ ಬೇಡ ಅಂದಳು ಅಂತ ಪೋರ್ಟ್‌ಫೋಲಿಯೋದಲ್ಲೇ ಒಂದು ಸಾಲು ಬರೆದಿದ್ದೆ. ಅದರ ಬಗ್ಗೆಯೇ ಐದು ನಿಮಿಷ ಮಾತಾಡಿದೆವು.

ಮೂರು ವಾರದ ಮೇಲೆ ಮೇಲ್ ಬಂತು. ಸೀಟು ಸಿಕ್ಕಿತ್ತು. ಅಮ್ಮ ಅತ್ತಳು. ಅಪ್ಪ ತೋಟದಿಂದ ಬಂದವನು ಕೈ ತೊಳೆಯದೆ ನಿಂತೇ ಕೇಳಿದ, "ಎಷ್ಟಾಗ್ತದೆ?"

ಫೀಸು ಸುಮಾರು 30 ಲಕ್ಷ. ಅದು ಬಿಟ್ಟು, ಲಂಡನ್ನಿನಲ್ಲಿ ಇರುವ ಖರ್ಚಿಗೆ ವೀಸಾ ನಿಯಮದ ಪ್ರಕಾರ ಆಗ ತಿಂಗಳಿಗೆ 1,483 ಪೌಂಡಿನಂತೆ 9 ತಿಂಗಳದ್ದು ತೋರಿಸಬೇಕಿತ್ತು. ಅಂದರೆ 13,347 ಪೌಂಡ್, ನಮ್ಮ ಲೆಕ್ಕದಲ್ಲಿ 15 ಲಕ್ಷದ ಹತ್ತಿರ. ಸ್ವಂತ ಹಣವಾದರೆ ಅದು ಸತತ 28 ದಿನ ಖಾತೆಯಲ್ಲಿ ಇರಬೇಕು. ಅದರ ಮೇಲೆ ಅಲ್ಲಿನ ಆರೋಗ್ಯ ಸೇವೆಗೆ ವರ್ಷಕ್ಕೆ 776 ಪೌಂಡ್. ಶಾಲೆ ಕೊಡುವ ವಿದ್ಯಾರ್ಥಿವೇತನಕ್ಕೂ ಹಾಕಿದ್ದೆ. ಬರಲಿಲ್ಲ.

ಬ್ಯಾಂಕಿಗೆ ಹೋದೆವು. ಶಿಕ್ಷಣ ಸಾಲ ಏಳೂವರೆ ಲಕ್ಷದವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. ಅದರ ಮೇಲೆ ಬೇಕಾದರೆ ಸಾಮಾನ್ಯವಾಗಿ ಆಸ್ತಿ ತೋರಿಸಬೇಕು. ಅಪ್ಪ ತೋಟದ ಪಹಣಿ ಇಟ್ಟ. ಮ್ಯಾನೇಜರ್ ಒಳ್ಳೆಯವರು. ಕೂರಿಸಿ ವಿವರವಾಗಿ ಹೇಳಿದರು. ಸಾಲ ತೀರದಿದ್ದರೆ ಬ್ಯಾಂಕು ನೇರವಾಗಿ ಆಸ್ತಿ ವಶಕ್ಕೆ ತೆಗೆದುಕೊಳ್ಳುವುದು 2002ರ ಸರ್ಫೇಸಿ ಕಾಯ್ದೆಯಲ್ಲಿ. ಆ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಈ ಬಗೆಯ ಸಾಲಕ್ಕೆ ತೋಟ ಆಗುವುದಿಲ್ಲ. ರೈತನನ್ನು ಕಾಪಾಡಲು ಮಾಡಿದ ನಿಯಮ ಅದು, ಒಳ್ಳೆಯದೇ. ಆದರೆ ನಮ್ಮ ಹತ್ತಿರ ಇರುವುದು ತೋಟ ಮಾತ್ರ. ಮನೆ ಇಡೋಣ ಅಂದರೆ ಮನೆ ಇರುವ ಜಾಗ ಮುಳುಗಡೆಯಾದವರಿಗೆ ಕೊಟ್ಟದ್ದು. ಇಂಥ ಎಷ್ಟೋ ಜಾಗಗಳಿಗೆ ಇವತ್ತಿಗೂ ಪಕ್ಕಾ ಹಕ್ಕುಪತ್ರ ಇಲ್ಲ. ದಾಖಲೆಯಲ್ಲಿ ಇನ್ನೂ ಅರಣ್ಯ. ಉದ್ದೇಶ ಪತ್ರದಿಂದ ನಾನು ತೆಗೆದುಹಾಕಿದ್ದ ಅಣೆಕಟ್ಟು ಬ್ಯಾಂಕಿನ ಮೇಜಿನ ಮೇಲೆ ಬಂದು ಕೂತಿತ್ತು. ಅಪ್ಪ ಕಾಗದಗಳನ್ನು ಒಂದೊಂದಾಗಿ ಮತ್ತೆ ಚೀಲಕ್ಕೆ ಹಾಕಿಕೊಂಡ. ಬಸ್ಸಿನಲ್ಲಿ ಸಾಗರದವರೆಗೂ ಇಬ್ಬರೂ ಮಾತಾಡಲಿಲ್ಲ.

ನಾನು ಶಾಲೆಗೆ ಉಳ್ಳದ್ದನ್ನೇ ಬರೆದೆ. ಸೀಟನ್ನು ಮುಂದಿನ ವರ್ಷಕ್ಕೆ ಇಡಬಹುದೇ ಅಂತ ಕೇಳಿದೆ. ಒಪ್ಪಿದರು. ಹೀಗೆ ಮುಂದೂಡಲು ಕೇಳಬಹುದು ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. ಸೀಟು ಬಿಟ್ಟುಕೊಡುವ ಮೊದಲು ಒಂದು ಸಲ ಕೇಳಿ ನೋಡಿ. ಈಗ ಶಿವಮೊಗ್ಗದ ದೊಡ್ಡಪ್ಪ ತಮ್ಮ ಮನೆಯ ಪತ್ರ ಕೊಡುತ್ತೇನೆ ಅಂದಿದ್ದಾರೆ. ಅದು ನಗರದ ಜಾಗ, ಖಾತೆ ಸರಿ ಇದೆ. ಅಷ್ಟು ದೊಡ್ಡ ಭಾರವನ್ನು ಅವರ ಮೇಲೆ ಹಾಕಬಹುದೇ ಅಂತ ಮನೆಯಲ್ಲಿ ಇನ್ನೂ ಮಾತು ನಡೆದಿದೆ. ಬೇರೆ ವಿದ್ಯಾರ್ಥಿವೇತನಗಳಿಗೆ ಮತ್ತೆ ಹಾಕಿದ್ದೇನೆ. ಕೆಲಸ ಬಿಟ್ಟಿಲ್ಲ. ಸಂಬಳದಲ್ಲಿ ಆದಷ್ಟು ಕೂಡಿಡುತ್ತಿದ್ದೇನೆ.

ಕಳೆದ ಭೂಮಿ ಹುಣ್ಣಿಮೆಗೆ ಊರಿಗೆ ಹೋದಾಗ ಅಜ್ಜಿ ಅಚ್ಚಂಬಲಿ ಬುಟ್ಟಿಯನ್ನು ಪೂರ್ತಿ ನನ್ನ ಕೈಗೆ ಕೊಟ್ಟಳು. ನಾನು ನಾರು ಸುತ್ತಿ ಮಡಚಿದೆ. ಹದಿನಾರು ಮನೆ ಬಂದವು. ಬರೆಯುತ್ತಾ ಕೂತಾಗ ಅವಳು ಕೇಳಿದಳು.

"ಆ ಊರಲ್ಲಿ ಪುಂಡಿ ಸಿಗ್ತದಾ?"

"ಗೊತ್ತಿಲ್ಲ ಅಜ್ಜಿ."

ಅವಳು ಮತ್ತೇನೂ ಹೇಳಲಿಲ್ಲ. ಹೊರಡುವ ದಿನ ನೋಡಿದರೆ ಅಟ್ಟದ ಮೇಲೆ ಒಂದು ಕಟ್ಟು ಪುಂಡಿ ನಾರು ಒಣಗಿಸಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದಳು.